ಹೆಸರಿನ ಹಲಗೆ

ಗಾಳಿ ನೈಋತ್ಯಕ್ಕೆ ತಿರುಗುವ ಜೂನ್ ತಿಂಗಳು. ಮಳೆ ಇನ್ನೂ ಹಿಡಿದಿರಲಿಲ್ಲ. ಸೆಖೆ ಮಾತ್ರ ಲೇಟೆ ದ್ವೀಪದ ಆ ಸಣ್ಣ ಬಂದರಿನ ಮೇಲೆ ಒದ್ದೆ ಕಂಬಳಿಯ ಹಾಗೆ ಬಿದ್ದಿತ್ತು. ಹಮಾಲರು ಕೊಬ್ಬರಿ ಮೂಟೆ ಹೊತ್ತು ಸಾಲಾಗಿ ಹಡಗು ಹತ್ತುತ್ತಿದ್ದರು.

ತರ್ಸಿಲಾ ಪ್ರತಿ ಮೂಟೆಯನ್ನೂ ತಡೆದು, ಬಾಯಿ ಬಿಚ್ಚಿಸಿ, ಮೊಣಕೈವರೆಗೆ ಕೈ ತೂರಿಸುತ್ತಿದ್ದಳು. ಸರಿಯಾಗಿ ಒಣಗದ ಕೊಬ್ಬರಿ ಹಡಗಿನ ಹೊಟ್ಟೆಯಲ್ಲಿ ತಾನೇ ಕಾದು ಹೊಗೆಯಾಡುತ್ತದೆ.

"ಇದು ವಾಪಸ್."

"ಬಿಸಿಲಿಗೆ ಬೆಚ್ಚಗಾಗಿದೆ ಮೇಡಂ!"

"ಬಿಸಿಲಿನ ಬಿಸಿ ಮೇಲಿರುತ್ತೆ ಅಣ್ಣ, ಒಳಗಿರಲ್ಲ. ತಗೊಂಡ್ಹೋಗು."

ಅಪ್ಪ ಗೋರ್ಯೋಗೆ ಲಕ್ವ ಹೊಡೆದಾಗ ಅವಳು ಪಟ್ಟಣದ ಕೆಲಸ ಬಿಟ್ಟು ಬಂದಿದ್ದಳು. ಅದಾಗಿ ಏಳು ವರ್ಷ. ಈಗ ಮೂವತ್ತಾರು. ಬೆನ್ನು ಮಧ್ಯಾಹ್ನಕ್ಕೆ ಮುಂಚೆಯೇ ನೋಯತೊಡಗುತ್ತಿತ್ತು.

ಒಂದು ಕಾಲಕ್ಕೆ ಮನೆಗೆ ನಾಲ್ಕು ಸರಕಿನ ಹಡಗು. ನಾಲ್ಕಕ್ಕೂ ಮನೆಯ ಹೆಂಗಸರ ಹೆಸರು. ಈಗ ಉಳಿದದ್ದು ಎರಡು: ಅಮ್ಮನ ಹೆಸರಿನ ಪುಟ್ಟ 'ಫೆಲಿಸಾ', ಅವಳದೇ ಹೆಸರಿನ ದೊಡ್ಡ 'ತರ್ಸಿಲಾ'. ದೊಡ್ಡದಕ್ಕೆ ಇಂದು ಕೊನೆಯ ಪ್ರಯಾಣ. ಪಕ್ಕದ ಸೆಬು ದ್ವೀಪದಲ್ಲಿ ಸರಕು ಇಳಿಸಿ, ಅಲ್ಲಿಂದ ಹಡಗು ಒಡೆಯುವವರ ಅಂಗಳಕ್ಕೆ.

ಬೆವರು ಒರೆಸಿಕೊಂಡು ಹಡಗಿನ ಮೂತಿಯ ಕಡೆ ನೋಡಿದಳು.

ಹೆಸರಿರಲಿಲ್ಲ!

ಅಪ್ಪ ಕೆತ್ತಿಸಿ ಹಾಕಿದ್ದ ಹಲಗೆಯ ಜಾಗದಲ್ಲಿ ಬಿಳಿಚಿದ ಮರ, ನಾಲ್ಕು ಮೊಳೆ ತೂತು. ಹಗ್ಗಕ್ಕೆ ಜೋತುಬಿದ್ದು ತೂತುಗಳನ್ನು ಮುಚ್ಚುತ್ತಿದ್ದವನು ರುಫಿನೋ, ಹಡಗಿನ ಕ್ಯಾಪ್ಟನ್.

"ಅದನ್ನ ಕೀಳೋಕೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಮೇಡಂ."

"ಮತ್ತೆ?"

"ಹೊರಡೋ ಮುಂಚೆ ಕೀಳ್ಬೇಕಿತ್ತು." ಅವನು ತಿರುಗಿಯೂ ನೋಡಲಿಲ್ಲ.

"ಇನ್ನೊಂದು ದಿನ ತಡ್ಕೊಳ್ಳೋಕಾಗ್ಲಿಲ್ವಾ? ಅಷ್ಟು ಅವಸರಾನಾ ನಿಮಗೆ?"

ಅವನು ಮುಂದಿನ ತೂತಿಗೆ ಕೈ ಹಾಕಿದ.

ಅದು ಅವಳನ್ನು ಚುಚ್ಚಿತು. ಹನ್ನೆರಡು ವರ್ಷದ ಹಿಂದೆ ಅವಳು ರಜೆಗೆ ಬಂದಿದ್ದಾಗ, ಅಪ್ಪ ಇದೇ ಹಡಗಿನಲ್ಲಿ ಅವನನ್ನು ಸಮುದ್ರದಿಂದ ಎತ್ತಿ ತಂದಿದ್ದ. ಅವನಿದ್ದ ದೋಣಿ ಬಿರುಗಾಳಿಗೆ ಮುಳುಗಿತ್ತು. ಎಣ್ಣೆಯ ಪೀಪಾಯಿ ತಬ್ಬಿಕೊಂಡು ಎರಡು ದಿನ ತೇಲಿದ್ದ. ಅವಳು ನೀರು ಕುಡಿಸಿದಾಗ ಕೇಳಿದ್ದ: "ಈ ಹಡಗಿನ ಹೆಸರು ತರ್ಸಿಲಾ ಅಲ್ವಾ? ನಿಮ್ಮ ಹೆಸರು?"

"ಅದೂ ತರ್ಸಿಲಾನೇ."

ಒಡೆದ ತುಟಿಯಲ್ಲೇ ನಕ್ಕಿದ್ದ. ತುಟಿಯಿಂದ ರಕ್ತ ಬಂದಿತ್ತು.

ಆಮೇಲೆ ಇದೇ ಹಡಗಿನಲ್ಲಿ ಕೆಲಸಕ್ಕೆ ಸೇರಿ ಕ್ಯಾಪ್ಟನ್ ಆದ; ದೊಡ್ಡ ಕಂಪನಿಗಳು ಎಷ್ಟು ಕರೆದರೂ ಹೋಗಲಿಲ್ಲ. *ಅಪ್ಪ ಜೀವ ಉಳಿಸಿದ ಋಣಕ್ಕೆ ಇದ್ದಾನೆ. ನನಗೋಸ್ಕರ ಅಲ್ಲ...* ಹಾಗೆಂದು ಅವಳು ಎಷ್ಟು ಸಲ ತನಗೇ ಬುದ್ಧಿ ಹೇಳಿಕೊಂಡಿದ್ದಳೋ!

"ಹಡಗಿನ ಜೊತೆ ನಿಮ್ಮ ಋಣಾನೂ ತೀರ್ತು ಕ್ಯಾಪ್ಟನ್," ಅಂದಳು. "ಸೆಬುವಿಂದ ವಾಪಸ್ ಬರೋದೇನೂ ಬೇಡ."

ಹಮಾಲರು ಮೂಟೆ ಹೊತ್ತೇ ನಿಂತುಬಿಟ್ಟರು. ರುಫಿನೋ ಆಗಲಿ ಎಂಬಂತೆ ತಲೆಯಾಡಿಸಿದ.

ಬಂದರಿನ ಬಾಗಿಲಲ್ಲಿ ಅನ್ನ-ಮೀನು ಮಾರುವ ಲೂಸಿಂಗಕ್ಕ ಅವಳ ಮುಖ ನೋಡಿ ತಟ್ಟೆ ಮುಂದಿಟ್ಟಳು.

"ಉಣ್ಣು. ಕಬ್ಬಿಣದ ಹಡಗಿಗೆ ಕ್ಯಾಪ್ಟನ್ ಆಗಿ ಬಾ ಅಂತ ಅವನಿಗೆ ಕರೆ ಬಂದಿದೆಯಂತೆ. ಗೊತ್ತಾ?"

"ಹೋಗ್ಲಿ ಬಿಡಕ್ಕ."

"ಹೋಗ್ಲಿ ಅನ್ನೋಳು ಅನ್ನಾನ ಯಾಕೆ ಹಾಗೆ ಹಿಸುಕ್ತಿದ್ದೀಯ? ನನ್ನ ಅನ್ನ ಏನು ಮಾಡ್ತು ನಿನಗೆ?"

ತರ್ಸಿಲಾ ಕೈ ತೊಳೆದು ಎದ್ದಳು.

ಮನೆಯಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತಿದ್ದ. ಅಲ್ಲಿಂದ ಹಡಗಿನ ಕಂಬವಷ್ಟೇ ಕಾಣುತ್ತಿತ್ತು.

"ನಿನ್ನ ಮುದ್ದಿನ ರುಫಿನೋ ನನ್ನ ಹೆಸರು ಕಿತ್ತುಹಾಕಿದ ಅಪ್ಪಾ."

ಮುದುಕನ ಸೊಟ್ಟ ಬಾಯಿ ಅರಳಿತು. "ಕಿತ್ತನಾ? ಎರಡೂ ಕಡೇದು?"

"ನೀನೂ ಸಂತೋಷಪಡ್ತಿದ್ದೀಯಾ!"

"ಮಕ್ಸಿಮಾದ್ದು ಕೀಳೋಕೆ... ನಾನು ಮರ್ತೆ ಮಗಳೇ."

ಮಕ್ಸಿಮಾ ತರ್ಸಿಲಾಳ ಅಕ್ಕ. ಒಂಬತ್ತು ವರ್ಷದ ಹಿಂದೆ ಹೆರಿಗೆಯಲ್ಲಿ ಹೋದವಳು. ಅದೇ ವರ್ಷ 'ಮಕ್ಸಿಮಾ' ಹಡಗೂ ಒಡೆಯುವವರ ಅಂಗಳಕ್ಕೆ ಹೋಗಿತ್ತು.

"ಬದುಕಿರೋ ಹೆಣ್ಣಿನ ಹೆಸರಿನ ಮೇಲೆ ಕೊಡಲಿ ಬೀಳಬಾರದು ಅಂತ ನಮ್ಮಜ್ಜ ಹೇಳ್ತಿದ್ದ. ನಾನು ಅವಸರದಲ್ಲಿ ಹೆಸರಿನ ಸಮೇತ ಕಳಿಸಿದೆ. ಎರಡೇ ತಿಂಗಳು..." ಅಪ್ಪ ಒಂದೇ ಕೈಯಲ್ಲಿ ಮುಖ ಮುಚ್ಚಿಕೊಂಡ. "ನಿನ್ನ ಹತ್ತಿರ ಈ ಮಾತೆತ್ತಬೇಡಿ ಅಂತ ಹಡಗಿನವರ ಹತ್ತಿರ ಆಣೆ ಹಾಕಿಸಿಕೊಂಡಿದ್ದೆ. ನೀನು ನನ್ನ ಮುಖ ನೋಡಲ್ಲ ಅನ್ನೋ ಭಯ."

ಅವಳಿಗೆ ಅಂಥದ್ದರಲ್ಲಿ ನಂಬಿಕೆಯಿರಲಿಲ್ಲ. ಆದರೂ ಅಪ್ಪನ ಕೈ ಸರಿಸಿ, ಮುಖ ಒರೆಸಿ, ತಲೆಯನ್ನು ಎದೆಗೊತ್ತಿಕೊಂಡು ಕೂತಳು. ಒಂಬತ್ತು ವರ್ಷ ಈ ಭಾರ ಒಬ್ಬನೇ ಹೊತ್ತಿದ್ದನಲ್ಲ...

ಇನ್ನೊಬ್ಬ, ಅದನ್ನು ಹೇಳಬಾರದೆಂದು ಬೈಸಿಕೊಂಡು ನಿಂತಿದ್ದ.

ನಾಲ್ಕು ಗಂಟೆಗೆ ಸಮುದ್ರದ ಉಬ್ಬರ, ಹಡಗು ಹೊರಡುವ ಹೊತ್ತು. ಅವಳು ಬಂದರಿಗೆ ಬಂದಾಗ ಹಡಗಿನ ಬಾಯಿ ಮುಚ್ಚಿ ಮೇಲೆ ಟಾರ್ಪಾಲು ಬಿಗಿಯುತ್ತಿದ್ದರು. ಓಡಿ ಬರುವ ಶಕ್ತಿಯಿಲ್ಲದೆ ನಡೆದೇ ಬಂದಿದ್ದಳು. ಹಾಗೇ ಹಡಗು ಹತ್ತಿದಳು.

ರುಫಿನೋ ತನ್ನ ಕೋಣೆಯ ಬಾಗಿಲಲ್ಲಿದ್ದ. ಹಾಸಿಗೆಯ ಮೇಲೆ, ಅವನ ಹಳೆಯ ಅಂಗಿಗಳಲ್ಲಿ ಸುತ್ತಿದ ಎರಡು ಉದ್ದನೆಯ ಗಂಟು.

"ಅಪ್ಪ ಎಲ್ಲಾ ಹೇಳಿದ್ರು," ಅಂದಳು.

ಅವನು ಉಸಿರು ಬಿಟ್ಟ. "ಒಂದು ಹಲಗೆ ಅವರಿಗೆ ಕೊಟ್ಬಿಡಿ. ಈ ಬದಿಗೆ ಹಾಕಿದ್ದು..." ತಲೆ ತಗ್ಗಿಸಿದ. "ಕೇಳದೇನೇ ಇಟ್ಕೊಳ್ಳೋಣ ಅಂತಿದ್ದೆ ಮೇಡಂ. ತಪ್ಪಾಯ್ತು."

"ನಿಮಗ್ಯಾಕೆ ಅದು?"

"ಆವತ್ತು ನೀರಲ್ಲಿ ಕಣ್ಣು ಬಿಟ್ಟಾಗ ಮೊದಲು ಕಂಡಿದ್ದು ಇದೇ ಹಲಗೆ. ಆಮೇಲೆ ನೀರು ಕುಡಿಸಿದ ಹುಡುಗೀನೂ ಅದೇ ಹೆಸರು ಹೇಳಿದ್ಲು... ಅಲ್ಲಿಂದ ಬೇರೆ ಯಾವ ಹಡಗಿನ ಮೇಲೂ ಮನಸ್ಸು ಬರ್ಲಿಲ್ಲ."

"ಕಬ್ಬಿಣದ ಹಡಗು?"

"ಬೇಡ ಅಂದೆ. 'ಫೆಲಿಸಾ' ಎಂಜಿನ್ ಕೆಮ್ಮುತ್ತೆ. ಅದನ್ನ ನೋಡೋರು ಬೇಕಲ್ಲ."

ತರ್ಸಿಲಾಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. "ಹನ್ನೆರಡು ವರ್ಷ! ಒಂದು ಮಾತು ಹೇಳೋಕೇನಾಗಿತ್ತು?"

"ಅನ್ನ ಹಾಕಿದ ಮನೆ. ಋಣ ಹೊತ್ತೋನು ಆ ಮನೆ ಮಗಳನ್ನ ಹೇಗೆ ಕೇಳ್ಲಿ?"

ಕೆಳಗೆ ಎಂಜಿನ್ ಶುರುವಾಯಿತು. ಕಾಲಡಿಯ ಹಲಗೆ ನಡುಗಿತು. ಅವಳು ಒಂದು ಗಂಟನ್ನೆತ್ತಿ ಅವನ ಎದುರು ಹಿಡಿದಳು. ಮತ್ತೆ ಯೋಚಿಸಿ, ಇನ್ನೊಂದನ್ನೂ ಎತ್ತಿ ಎರಡನ್ನೂ ತನ್ನ ಕಂಕುಳಿಗೇ ಇರುಕಿಕೊಂಡಳು.

"ಒಂದು ಇಲ್ಲಿ, ಒಂದು ಅಲ್ಲಿ ಬೇಡ. ಎರಡೂ ಒಂದೇ ಮನೇಲಿರ್ಲಿ."

"ಹಾಗಂದ್ರೆ..."

"ಇಷ್ಟು ವರ್ಷ ಕ್ಯಾಪ್ಟನ್ ಆಗಿದ್ದೀರಿ, ಇಷ್ಟು ದಾರಿ ಗೊತ್ತಾಗಲ್ವಾ? ಗುರುವಾರದ ಲಾಂಚ್ ಹತ್ತಿ ವಾಪಸ್ ಬನ್ನಿ."

ಅವನು ಅವಳ ಕೈ ಹಿಡಿದ. ಕೊಬ್ಬರಿಯ ಜಿಡ್ಡಿನ್ನೂ ಹೋಗಿರಲಿಲ್ಲ.

"ನಿಮ್ಮಪ್ಪನ ಋಣ ಇನ್ನೂ ತೀರಿಲ್ಲ, ತರ್ಸಿಲಾ."

"ತೀರಿಸ್ಬೇಡಿ," ಅಂದಳು ಅವಳು. "ತೀರಿದ್ರೆ ಎದ್ದು ಹೋಗ್ತೀರಿ."