ಕೋಟೆ ಬಾಗಿಲಿನ ಸೂರ್ಯ

ಬೆಳಿಗ್ಗೆ ಎಂಟಕ್ಕೆ ಠಾಣೆಗೆ ಬಂದ ದೂರು ಚಿಕ್ಕದು. ಹಳೆಯ ಕೋಟೆಯ ಬಾಗಿಲುಗಲ್ಲಿನ ಮೇಲಿದ್ದ ಸೂರ್ಯನ ಗುರುತನ್ನು ಯಾರೋ ರಾತ್ರಿ ಉಳಿಯಿಂದ ಕೆತ್ತಿ ಅಳಿಸಿಹಾಕಿದ್ದರು. ಆದರೆ ಅದೇ ಗುರುತನ್ನು ಬಾವುಟಕ್ಕೆ ಏರಿಸಿಕೊಂಡಿದ್ದ ಸೂರ್ಯದಳದ ಹುಡುಗರು ಠಾಣೆಯ ಅಂಗಳ ತುಂಬಿ ನಿಂತಿದ್ದರು.

"ಇದು ಹೊಳೆಯಾಚೆ ಕೇರಿಯವರ ಕೆಲಸ. ಸಂಜೆಯೊಳಗೆ ಹಿಡೀರಿ. ಇಲ್ಲಾಂದ್ರೆ ನಾವೇ ಹೋಗ್ತೀವಿ," ಎಂದ ಅವರ ಮುಖಂಡ.

ಇನ್‌ಸ್ಪೆಕ್ಟರ್ ಎಫ್‌ಐಆರ್ ಬರೆಸಿದರು. ಜಗಳಕ್ಕೆ ಕಾಲು ಕೆರೆಯುವವರು ನೆಪವನ್ನು ತಾವೇ ಹುಟ್ಟಿಸಿಕೊಳ್ಳುವುದನ್ನು ಅವರು ಬೇಕಾದಷ್ಟು ಕಂಡಿದ್ದರು. ಅವರ ಮೊದಲ ಅನುಮಾನ ದೂರು ಕೊಟ್ಟವರ ಮೇಲೆಯೇ.

ಪಂಚನಾಮೆಗೆ ಹೋದಾಗ ದಫೇದಾರರ ಕಣ್ಣಿಗೆ ಇನ್ನೊಂದು ಬಿತ್ತು. ಒಳಗಿನ ಬಾವಿಯ ಮೆಟ್ಟಿಲ ಬಳಿಯೂ ಅಂಥದೇ ಗುರುತನ್ನು ಕೆತ್ತಿ ತೆಗೆದಿದ್ದರು, ಕಲ್ಲಿನ ಪುಡಿ ಇನ್ನೂ ಹಾಗೇ ಬಿದ್ದಿತ್ತು. ಅಲ್ಲಿಗೆ ಯಾರನ್ನೂ ಬಿಡುತ್ತಿರಲಿಲ್ಲ. ಬಾವಿಗೆ ಹೋಗುವ ಬಾಗಿಲಿನ ಬೀಗ ಒಡೆದಿರಲಿಲ್ಲ.

"ಇದೊಂದಿದೆ ಅಂತ ಆ ಹುಡುಗರಿಗೆ ಗೊತ್ತಿದ್ದಿದ್ರೆ ಇಲ್ಲೂ ಬಾವುಟ ನೆಡ್ತಿದ್ರು ಸಾರ್," ಎಂದರು ದಫೇದಾರ.

ಕೇರಿಯವರಿಗಂತೂ ಗೊತ್ತಿರುವ ಮಾತೇ ಇಲ್ಲ. ಬೀಗದ ಕೈ ಇದ್ದದ್ದು ಕೋಟೆ ತೋರಿಸುವ ಮುದಿ ಗೈಡ್ ಬಳಿ ಮಾತ್ರ. ಬಾಗಿಲು ತೆರೆಯುವಾಗ ಮುದುಕ ಎಡಗೈಯಲ್ಲಿ ತಡವರಿಸಿದ್ದು ಇನ್‌ಸ್ಪೆಕ್ಟರಿಗೆ ನೆನಪಾಯಿತು.

"ಬಲಗೈ ತೋರ್ಸಿ ಯಜಮಾನ್ರೇ."

ಅಂಗೈ ತುಂಬ ಹೊಸ ಬೊಬ್ಬೆಗಳು.

"ಯಾಕೆ ಮಾಡಿದ್ರಿ?"

"ಅದು ಸೂರ್ಯ ಅಲ್ಲ ಸಾರ್. ಇದು ನಾನು ಕಡೆದ ಕಲ್ಲು ಅಂತ ಯಾವನೋ ಕಲ್ಲುಕುಟಿಗ ಹಾಕ್ಕೊಂಡ ಗುರುತು."

"ಮತ್ತೆ ವೀರರ ಲಾಂಛನ, ಹೊರಗಿನವರನ್ನ ಹೊಳೆಯಾಚೆ ಅಟ್ಟಿದ್ದು ಅಂತ ಕೋಟೆ ನೋಡೋಕೆ ಬಂದವರಿಗೆ ಹೇಳ್ತಿದ್ರಲ್ಲ, ಆ ಕತೆ?"

"ನಾನೇ ಕಟ್ಟಿದ್ದು. ಕಲ್ಲುಕುಟಿಗ ಅಂದ್ರೆ ಯಾರೂ ನಿಲ್ತಿರಲಿಲ್ಲ. ವೀರರು ಅಂದ್ರೆ ಚಪ್ಪಾಳೆ ಹೊಡೆಯೋರು."

"ನಿಜ ಹೇಳಿದ್ರೆ ಆಗ್ತಿತ್ತಲ್ಲ?"

"ಹೇಳ್ದೆ. ನಿಮ್ಮ ಅಂಗಳದಲ್ಲಿ ಕೂಗಾಡಿದ ಮುಖಂಡ ನನ್ನ ಮಗ. ಅವನಿಗೇ ಮೊದಲು ಹೇಳ್ದೆ. ಕೇರಿಯವರಿಗೆ ನಿನ್ನನ್ನ ಮಾರ್ಕೊಂಡಿದೀಯ ಅಂತ ಮನೆ ಬಿಟ್ಟು ಹೋದ."

ಇನ್‌ಸ್ಪೆಕ್ಟರ್ ಮುದುಕನನ್ನು ಬಂಧಿಸಿದರು. ಅಪರಾಧಿ ತಮ್ಮವನೇ ಎಂದು ತಿಳಿದರೆ ಹುಡುಗರು ತಣ್ಣಗಾಗುತ್ತಾರೆಂದು ಠಾಣೆಯ ಅಂಗಳದಲ್ಲಿ ಎಲ್ಲರೆದುರು ಅವನ ಬಾಯಿಂದಲೇ ಹೇಳಿಸಿದರು. ಮಗ ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ನೋಡಿದ್ರಾ? ಹೆತ್ತಪ್ಪನ ಕೈಲೇ ಮಾಡ್ಸಿದಾರೆ ಆ ಕೇರಿಯವರು," ಎಂದು ಜೊತೆಗಾರರತ್ತ ತಿರುಗಿದ.

ಇನ್‌ಸ್ಪೆಕ್ಟರ್ ಇದ್ದಬದ್ದ ಪೇದೆಗಳನ್ನೆಲ್ಲ ಕೇರಿಗೆ ಹೋಗುವ ಸೇತುವೆಗೆ ಅಟ್ಟಿದರು. ಗುಂಪನ್ನು ಅಲ್ಲಿ ತಡೆದರು, ಅದು ಚದುರುವಷ್ಟರಲ್ಲಿ ಕತ್ತಲಾಯಿತು. ಲಾಕಪ್ಪಿನಲ್ಲಿ ಮುದುಕ ಊಟ ಮುಟ್ಟಿರಲಿಲ್ಲ.

"ಆ ಗುರುತು ಹೋದ್ರೆ ಮನೆಗೆ ಬರ್ತಾನೆ ಅಂದ್ಕೊಂಡಿದ್ದೆ ಸಾರ್," ಎಂದ.