ಕೊಳೆತ ಈರುಳ್ಳಿಯ ವಾಸನೆ

ನೋಡಲು ಬಂದ ಗಂಡಿನ ಎದುರಿಗೇ ಅನುಸೂಯ ಹಸಿರು ಕಫವನ್ನು ಲೋಟಕ್ಕೆ ಉಗಿದಳು. ಬೇಕಂತಲೇ!

ಹುಟ್ಟಿನಿಂದಲೇ ಅವಳಿಗೆ ಸಿಸ್ಟಿಕ್ ಫೈಬ್ರೋಸಿಸ್. ಶ್ವಾಸಕೋಶದ ತುಂಬಾ ಅಂಟಿನಂಥ ಕಫ, ಮೇಲಿಂದ ಮೇಲೆ ಸೋಂಕು. ಹಿಂದೆ ಹಿರಿಯೂರಿನ ಅವಳ ಮನೆಗೆ ಬಂದ ಗಂಡುಗಳೆಲ್ಲ ಮೂಗು ಮುಚ್ಚಿಕೊಂಡು ಎದ್ದು ಹೋಗಿದ್ದರು.

ಐಮಂಗಲದ ಈರುಳ್ಳಿ ವ್ಯಾಪಾರಿ ಕಲ್ಲೇಶ್ ಮಾತ್ರ ಏಳಲಿಲ್ಲ.

"ಮಿರ್ಚಿ ಆರ್ತೈತೆ, ನಾನು ತಿಂತಿರ್ತೀನಿ. ನೀವು ನಿಧಾನಕ್ಕೆ ಕೆಮ್ಮಿಕಳ್ರಿ," ಅಂದ.

ಪುಣ್ಯಾತ್ಮ! ಅವಳು ಅವತ್ತೇ ಅವನಿಗೆ ಮನಸೋತಳು.

ನಿಶ್ಚಿತಾರ್ಥವೂ ಆಯಿತು. ಆದರೆ ಚಿತ್ರದುರ್ಗದ ಆಸ್ಪತ್ರೆಗೆ ಒಮ್ಮೆ ಅವಳ ಜೊತೆ ಹೋಗಿಬಂದ ಮೇಲೆ ಅವನು ಬದಲಾದ. ಮನೆಗೆ ಬಂದರೂ ಹೊಸ್ತಿಲು ದಾಟುತ್ತಿರಲಿಲ್ಲ. ಅವಳು ಹತ್ತಿರ ಬಂದರೆ ಹಿಂದೆ ಸರಿಯುತ್ತಿದ್ದ.

'ಕೊನೆಗೂ ಇವನಿಗೂ ಹೇಸಿಗೆ ಬಂತು...'

ಅವಳಿಗೆ ತನ್ನ ಬಾಯಿಯೇ ಅಸಹ್ಯವಾಯಿತು. ಎಷ್ಟು ಹಲ್ಲುಜ್ಜಿದರೂ ನಾಲಿಗೆ ಮೇಲೆ ಅದೇ ಕಫದ ರುಚಿ. ಕನ್ನಡಿ ನೋಡಿದರೆ ವಾಕರಿಕೆ!

ತಡೆಯಲಾರದೆ ಒಂದು ದಿನ ನೇರ ಅವನ ಗೋದಾಮಿಗೇ ಹೋದಳು. ಬಾಗಿಲಲ್ಲೇ ಗಬ್ಬು ನಾತ ಮುಖಕ್ಕೆ ಹೊಡೆಯಿತು. ರಾಶಿಗಟ್ಟಲೆ ಈರುಳ್ಳಿ ಕೊಳೆತು, ಲೋಳೆಯಾಗಿ, ಕಂದು ನೀರು ಸೋರುತ್ತಿತ್ತು. ಅದರ ನಡುವೆ ಕಲ್ಲೇಶ್.

"ಒಳಗೆ ಬರಬ್ಯಾಡ! ಹೊರಗ್ ನಡಿ!" ಕಿರುಚಿದ.

"ಹೋಗ್ತೀನ್ರಿ! ಮೊದ್ಲು ನನ್ನ ಕಂಡ್ರೆ ಹೇಸಿಗೆ ಅಂತ ಬಾಯ್ಬಿಟ್ಟು ಹೇಳ್ರಿ!"

"ಹೇಸಿಗೆ ಇರೋದು ನನ್ನ ಮೈ ಮೇಲೆ ಕಣೇ!"

ಅವಳು ರಸ್ತೆಯ ಆ ಬದಿಗೆ ಹೋಗುವವರೆಗೂ ಬೈದು, ತಾನು ಈ ಬದಿಯಲ್ಲೇ ನಿಂತ.

"ನೀನು ಎಕ್ಸ್‌ರೇಗೆ ಹೋದಾಗ ಡಾಕ್ಟ್ರು ಹೇಳಿದ್ರು. ಈ ಕಾಯಿಲೆ ಇರೋರಿಗೆ ಈಗ ಹೊಸ ಹೊಸ ಬ್ಯಾಕ್ಟೀರಿಯಾ ತಗಲ್ತಾ ಅವಂತೆ. ಅದ್ರಾಗೆ ಒಂದು ಜಾತಿದು ಕೊಳೆತ ಈರುಳ್ಳ್ಯಾಗೂ ಇರ್ತೈತಂತೆ. ನಿನ್ನ ಎದೆ ಹೊಕ್ರೆ ಔಷಧಿಗೂ ಸುಲಭಕ್ಕೆ ಬಗ್ಗಲ್ಲ. ನಾನು ದಿನಾ ಇದ್ರಾಗೇ ಬಿದ್ದು ಹೊರಳಾಡೋನು..."

ಲಾರಿಯೊಂದು ಹಾದುಹೋಯಿತು. ಅನುಸೂಯ ರಸ್ತೆಯಂಚಿಗೆ ಬಂದಳು.

"ನನಗೆ ಹೇಳಬಾರದಿತ್ತಾ?"

"ಹೇಳಿದ್ಮೇಲೆ ನೀನೇ ನನ್ನ ಬ್ಯಾಡ ಅಂದುಬಿಟ್ರೆ?"

ಅಯ್ಯೋ ದಡ್ಡ! ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

"ನೀವಿಲ್ದೆ ಉಸಿರಾಡಿ ನಾನೇನು ಮಾಡ್ಲಿ? ನಾಳೆ ಇಬ್ರೂ ಹೋಗಿ ಡಾಕ್ಟ್ರನ್ನೇ ದಾರಿ ಕೇಳಾಣ. ಈಗ ಚೆನ್ನಾಗಿ ಉಜ್ಜಿ ಸ್ನಾನ ಮಾಡಿ, ಬಟ್ಟೆ ಬದಲಿಸಿ ಮನಿಗೆ ಬರ್ರಿ."

"ಬಂದು... ಎಲ್ಲಿ ನಿಂತ್ಕಳ್ಲಿ?"

"ನಿಂತ್ಕಬ್ಯಾಡ್ರಿ," ಅಂದಳು ಕಣ್ಣೊರೆಸಿಕೊಂಡು. "ನನ್ನ ಪಕ್ಕ ಕುಂತ್ಕಳ್ರಿ."