ಹೊಂಬಾಳೆ ಕಾಯಿಸಿದ ಮುರಬ್ಬ

ಬಹಳ ಹಿಂದೆ, ಪ್ರಾಣಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಕೆಂಬೆಟ್ಟ ಎಂಬ ರಾಜ್ಯವಿತ್ತು. ಅಲ್ಲಿನ ಇಳಿಜಾರುಗಳ ತುಂಬ ಸ್ಟ್ರಾಬೆರಿ ಬೆಳೆಯುತ್ತಿತ್ತು. ಹಣ್ಣಿನ ಕಾಲ ಬಂತೆಂದರೆ ಪ್ರತಿ ಮನೆಯ ಒಲೆಯ ಮೇಲೂ ಮುರಬ್ಬ ಕುದಿಯುತ್ತಿತ್ತು. ರಂಗಾಂಬೆಯ ಮುರಬ್ಬವಂತೂ ಎಲ್ಲ ಕಡೆ ಹೆಸರುವಾಸಿ. ಅವಳಿಗೆ ಹೊಂಬಾಳೆ ಎಂಬ ಒಬ್ಬಳೇ ಮಗಳು.

ಕರಾಳದಂತನೆಂಬ ಮಾಂತ್ರಿಕನಿಗೆ ಆ ಸಿಹಿಯೆಲ್ಲ ತನ್ನೊಬ್ಬನದೇ ಆಗಬೇಕೆನಿಸಿತು. ರಾಜ್ಯದ ಸೌಟುಗಳಿಗೆಲ್ಲ ಅವನು ಗುಟ್ಟಾಗಿ ಮಾಟ ಮಾಡಿದ. ಅಂದಿನಿಂದ ಯಾರು ಮುರಬ್ಬ ತಿರುವಿದರೂ ಅದರ ಸಿಹಿ ಅವನ ಕೋಟೆಗೆ ಹಾರಿಹೋಗುತ್ತಿತ್ತು, ಪಾತ್ರೆಯಲ್ಲಿ ಕಪ್ಪು ಕೆಸರು ಉಳಿಯುತ್ತಿತ್ತು. ಅದೂ ಸಾಲದೆ, ತನಗೆ ಅಡುಗೆ ಮಾಡಲು ರಂಗಾಂಬೆಯನ್ನೇ ಎಳೆದೊಯ್ದ.

ಹೊಂಬಾಳೆ ಅರಮನೆಗೆ ಓಡಿದಳು. ರಾಜ ಮಣಿಧ್ವಜನಿಗೆ ಮಾಂತ್ರಿಕನೆಂದರೆ ಭಯ. ಅವನು ಅವಳ ಮುಖ ಕೂಡ ನೋಡದೆ ಒಳಗೆ ಹೋದ. ಹೊಂಬಾಳೆಗೆ ಮೈಯೆಲ್ಲ ಉರಿಯಿತು. ಬುಟ್ಟಿಯಲ್ಲಿ ಸಕ್ಕರೆ, ನಿಂಬೆಹಣ್ಣು ಹಾಕಿಕೊಂಡು ಒಬ್ಬಳೇ ಹೊರಟಳು.

ಹಣ್ಣಿನ ತೋಟಕ್ಕೆ ಕರಡಿಯೊಂದು ಕಾವಲಿತ್ತು.

"ಈ ಹಣ್ಣು ನನ್ನ ಒಡೆಯನದು. ಮುಟ್ಟಿದರೆ ಸೀಳಿಬಿಡುತ್ತೇನೆ" ಎಂದಿತು.

"ಇದಕ್ಕೆ ಗೊಬ್ಬರ ಹೊತ್ತವಳು ನನ್ನಮ್ಮ" ಎಂದಳು ಹೊಂಬಾಳೆ. "ನಿನ್ನ ಒಡೆಯ ಒಂದು ದಿನವಾದರೂ ಬಗ್ಗಿ ಕಳೆ ಕಿತ್ತಿದ್ದಾನಾ?"

ಕರಡಿ ತಲೆ ತಗ್ಗಿಸಿತು. "ನಾನೂ ಇದೇ ತೋಟದ ಮಾಲಿಯಾಗಿದ್ದೆ. ಅವನೇ ನನ್ನನ್ನು ಹೀಗೆ ಮಾಡಿದ. ಕಿತ್ತುಕೋ ತಾಯಿ. ಆದರೆ ಸೌಟು ಮುಟ್ಟಬೇಡ. ಮಾಟವಿರುವುದು ಅದರಲ್ಲೇ."

ಕೋಟೆಯ ಸೇತುವೆಯ ಮೇಲೆ ಹೆಬ್ಬಾವು ಅಡ್ಡ ಬಿದ್ದಿತ್ತು.

"ಹೆದರಿದವರನ್ನು ನಾನು ನುಂಗುತ್ತೇನೆ" ಎಂದಿತು.

"ಹೆದರೋಕೆ ನನಗೀಗ ಪುರುಸೊತ್ತಿಲ್ಲ. ದಾರಿ ಬಿಡು."

ಹಾವು ಬಿಡಲಿಲ್ಲ. ಹೊಂಬಾಳೆ ಅದರ ಬೆನ್ನು ತುಳಿದುಕೊಂಡೇ ದಾಟಿದಳು.

ಒಳಗೆ ರಂಗಾಂಬೆ ದೊಡ್ಡ ಕೊಪ್ಪರಿಗೆಯ ಮುಂದೆ ನಿಂತು ಸೌಟಾಡಿಸುತ್ತಿದ್ದಳು. "ಅಮ್ಮಾ" ಎಂದು ಕರೆದರೆ, "ಯಾರಮ್ಮಾ ನೀನು?" ಎಂದಳು.

ಅಲ್ಲೇ ಕುಳಿತಿದ್ದ ಕರಾಳದಂತ ನಕ್ಕ. "ಇಲ್ಲೇ ಮುರಬ್ಬ ಮಾಡು. ಸಿಹಿಯಾದರೆ ತಾಯಿಯನ್ನು ಕರೆದುಕೊಂಡು ಹೋಗು. ಕಹಿಯಾದರೆ ನೀನೂ ಇಲ್ಲೇ ಇರು."

"ಆಗಲಿ. ರುಚಿ ನೋಡುವವನು ನೀನೇ ಆಗಬೇಕು."

ಹೊಂಬಾಳೆ ತೊಟ್ಟು ಬಿಡಿಸಿ, ಹಣ್ಣಿಗೆ ಸಕ್ಕರೆ ಬೆರೆಸಿ, ರಸ ಬಿಡುವವರೆಗೆ ಕಾದಳು. ಆಮೇಲೆ ಸಣ್ಣ ಉರಿಯಲ್ಲಿಟ್ಟಳು. ಮುರಬ್ಬ ಗಟ್ಟಿಯಾಗುತ್ತ ಬಂತು. ತಿರುವದಿದ್ದರೆ ತಳ ಹಿಡಿಯುತ್ತದೆ. ಮಾಂತ್ರಿಕ ಚಿನ್ನದ ಸೌಟು ಚಾಚಿದ.

ಹೊಂಬಾಳೆ ತಾಯಿಯ ಖಾಲಿ ಕಣ್ಣುಗಳನ್ನು ನೋಡಿದಳು. ಹಲ್ಲು ಕಚ್ಚಿ, ಕುದಿಯುವ ಮುರಬ್ಬದೊಳಗೆ ಬರಿಗೈ ಇಳಿಸಿ ತಿರುವಿದಳು. ಚರ್ಮ ಬೊಬ್ಬೆ ಎದ್ದಿತು. ಅವಳು ಕೂಗಲಿಲ್ಲ. ನಿಂಬೆರಸ ಹಿಂಡಿ, ತಟ್ಟೆಗೆ ಒಂದು ಹನಿ ಬಿಟ್ಟಳು. ಹನಿ ಹರಿಯದೆ ನಿಂತಿತು, ಪಾಕ ಹದಕ್ಕೆ ಬಂದಿತ್ತು.

"ತಿನ್ನು" ಎಂದಳು.

ಅವನು ನೆಕ್ಕಿದ. ತಾನು ಕದಿಯಲಾರದ ಸಿಹಿ ಗಂಟಲಿಗಿಳಿದೊಡನೆ, ಅಷ್ಟು ದಿನ ಕದ್ದದ್ದೆಲ್ಲ ಕೆಂಪು ಹೊಗೆಯಾಗಿ ಅವನ ಬಾಯಿಂದ ಹೊರನುಗ್ಗಿತು. ಕರಾಳದಂತ ಒಣಗಿದ ಹಣ್ಣಿನಂತೆ ಸುರುಟಿ ಬೂದಿಯಾದ. ಸೌಟುಗಳೆಲ್ಲ ಬಿರಿದವು. ಕರಡಿ ಮತ್ತೆ ಮಾಲಿಯಾಯಿತು, ಅದೇ ಮಾಟಕ್ಕೆ ಸಿಕ್ಕಿದ್ದ ಹೆಬ್ಬಾವು ಮತ್ತೆ ಅಂಬಿಗನಾಯಿತು.

"ಕೈ ಏನು ಮಾಡಿಕೊಂಡೆ ಮಗಳೇ?" ಎಂದು ರಂಗಾಂಬೆ ಅವಳನ್ನು ಅಪ್ಪಿಕೊಂಡಳು. ಆಗ ಹೊಂಬಾಳೆ ಅತ್ತಳು.

ರಾಜ ಮುತ್ತಿನ ಹಾರ ಹಿಡಿದು ಅವರ ಮನೆಗೆ ಬಂದ.

"ಹಾರ ಬೇಡ ಪ್ರಭು" ಎಂದಳು ಹೊಂಬಾಳೆ. "ನಾನು ಬಾಗಿಲಿಗೆ ಬಂದಾಗ ನೀವು ಮುಖ ತಿರುಗಿಸಿದಿರಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ."

"ನಾನೇನು ಮಾಡಲಿ, ಹೇಳು" ಎಂದ ರಾಜ.

ರಂಗಾಂಬೆ ಅವನ ಮುಂದೆ ಹಣ್ಣಿನ ಬುಟ್ಟಿ ಇಟ್ಟಳು. ರಾಜ ಕಿರೀಟ ತೆಗೆದು ನೆಲದ ಮೇಲೆ ಕುಳಿತು ತೊಟ್ಟು ಬಿಡಿಸತೊಡಗಿದ. ಬೀದಿಯವರ ದೂರುಗಳನ್ನೆಲ್ಲ ಅಲ್ಲೇ ಕುಳಿತು ಕೇಳಿದ. ಮುಂದೆ ಪ್ರತಿ ಹಣ್ಣಿನ ಕಾಲಕ್ಕೂ ಹಾಗೆಯೇ ಬಂದು ಕೂತ. ಕೆಂಬೆಟ್ಟದ ಭರಣಿಗಳು ತುಂಬಿದವು, ಜನ ನೆಮ್ಮದಿಯಿಂದ ಉಂಡು ಬಾಳಿದರು.